ಹೃದಯದೊಳಗಿನ ಗಡ್ಡೆ: ಮುಳುವಾಗುವುದು ವಿಳಂಬ

ಗಡ್ಡೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಮನೆಮಂದಿಯೆಲ್ಲ ಕಂಗಾಲಾಗುತ್ತಾರೆ. ಗರ್ಭಕೋಶದ ಗಡ್ಡೆ, ಸ್ತನದ ಗಡ್ಡೆ, ಕುತ್ತಿಗೆಯ ಥೈರಾಯ್ಡ್ ಗಡ್ಡೆ ಇವುಗಳ ಬಗ್ಗೆ ನೀವು ಕೇಳಿರುತ್ತೀರಿ. ಆದರೆ ಹೃದಯದೊಳಗೂ ಗಡ್ಡೆ ಬೆಳೆಯುತ್ತದೆ ಎಂದರೆ ಹೆಚ್ಚಿನವರು ನಂಬುವುದಿಲ್ಲ. ತೀರಾ ಅಪರೂಪಕ್ಕೆ ಅದೂ ಬೆಳೆಯುತ್ತದೆ. ಇನ್ನೂ ಸೋಜಿಗದ ಸಂಗತಿಯೆಂದರೆ, ಹೃದಯದಲ್ಲೇ ಹುಟ್ಟುವ ಗಡ್ಡೆಗಳಲ್ಲಿ ಮುಕ್ಕಾಲು ಪಾಲು ಅಥವಾ ಅದಕ್ಕೂ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಸಕಾಲದಲ್ಲಿ ಪತ್ತೆಯಾದರೆ ಅವುಗಳಲ್ಲಿ ಬಹುಪಾಲನ್ನು ಒಂದೇ ಶಸ್ತ್ರಚಿಕಿತ್ಸೆಯಲ್ಲಿ ತೆಗೆದುಹಾಕಬಹುದು. ರೋಗಿ ಗುಣವಾಗಿ ಮನೆಗೆ ಹೋಗಿ ಎಂದಿನಂತೆ ದುಡಿದು ಬಾಳಬಹುದು.

ಹಾಗಿದ್ದರೆ ಇದರ ಬಗ್ಗೆ ಇಷ್ಟು ಹೇಳುವುದೇಕೆ? ಏಕೆಂದರೆ ಈ ಗಡ್ಡೆ ಬೇರೆ ರೋಗಗಳ ವೇಷ ಹಾಕಿಕೊಂಡು ಬರುತ್ತದೆ. ವೇಷ ಕಳಚಿ ನಿಜರೂಪ ತೋರಿಸುವ ಪರೀಕ್ಷೆ ಸರಳವಾದದ್ದು, ನೋವಿಲ್ಲದ್ದು, ಅರ್ಧ ಗಂಟೆಯೊಳಗೆ ಮುಗಿಯುವಂಥದ್ದು. ಆದರೆ ಆ ಪರೀಕ್ಷೆಯೂ ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯಂಥ ಊರಿನ ಜನರೂ ಪರಸ್ಪರ ಭೇಟಿಯಾಗುವುದು ಎಷ್ಟೋ ತಡವಾದ ಮೇಲೆ. ಈ ವಾರದ ಅಂಕಣ ಆ ಅಂತರದ ಬಗ್ಗೆ.

ಲೋಳೆಯಂಥ ಗಡ್ಡೆ

ನಮ್ಮ ಹೃದಯಕ್ಕೆ ನಾಲ್ಕು ಕೋಣೆಗಳು. ಮೇಲಿನ ಎರಡು ಹೃತ್ಕರ್ಣಗಳು, ಕೆಳಗಿನ ಎರಡು ಹೃತ್ಕುಕ್ಷಿಗಳು. ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ರಕ್ತ ಇಳಿಯುವ ಬಾಗಿಲುಗಳೇ ಕವಾಟಗಳು. ದೊಡ್ಡವರಲ್ಲಿ ಕಾಣಿಸುವ ಸೌಮ್ಯ ಗಡ್ಡೆಗಳಲ್ಲಿ ಅತಿ ಸಾಮಾನ್ಯವಾದದ್ದು ‘ಮಿಕ್ಸೋಮ’. ಲೋಳೆ ಎಂಬ ಅರ್ಥದ ಗ್ರೀಕ್ ಪದದಿಂದ ಈ ಹೆಸರು ಬಂದಿದೆ. ಬೇಸಿಗೆಯಲ್ಲಿ ರಸ್ತೆ ಬದಿ ಮಾರುವ ತಾಟಿನುಂಗನ್ನು ನೆನಪಿಸಿಕೊಳ್ಳಿ, ಹೆಚ್ಚುಕಡಿಮೆ ಅಂಥದೇ ಹದ. ನೂರರಲ್ಲಿ ಸುಮಾರು ಎಪ್ಪತ್ತೈದು ಮಿಕ್ಸೋಮಗಳು ಎಡ ಹೃತ್ಕರ್ಣದಲ್ಲಿ ಬೆಳೆಯುತ್ತವೆ. ಎರಡು ಮೇಲುಕೋಣೆಗಳ ನಡುವಿನ ಗೋಡೆಗೆ ತೊಟ್ಟಿನಿಂದ ಅಂಟಿಕೊಂಡು, ಹೃದಯದ ಪ್ರತಿ ಬಡಿತಕ್ಕೂ ಗಡಿಯಾರದ ಲೋಲಕದಂತೆ ಓಲಾಡುತ್ತವೆ. ಮೂವತ್ತರಿಂದ ಅರವತ್ತು ವಯಸ್ಸಿನ ನಡುವೆ, ಅದರಲ್ಲೂ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ವೈದ್ಯರು ಇಂಥ ಗಡ್ಡೆಗಳನ್ನು ‘ಸೌಮ್ಯ’ ಎಂದು ಕರೆಯುತ್ತಾರೆ. ಅಂದರೆ ಕ್ಯಾನ್ಸರಿನಂತೆ ಪಕ್ಕದ ಅಂಗಗಳನ್ನು ಕೊರೆದು ತಿನ್ನುವುದಿಲ್ಲ. ಆದರೆ ಈ ಪದವನ್ನು ನಂಬಿ ಸುಮ್ಮನೆ ಕೂರುವಂತಿಲ್ಲ. ಬೆನ್ನಿನ ಮೇಲೆ ಎದ್ದ ಕೊಬ್ಬಿನ ಗಡ್ಡೆ ಹತ್ತು ವರ್ಷ ಇದ್ದರೂ ಚಿಂತೆಯಿಲ್ಲ. ಹೃದಯದ ಕೋಣೆಯಲ್ಲಿ ನಿಂತ ಗಡ್ಡೆಯ ಮಾತೇ ಬೇರೆ. ಸ್ವಭಾವ ಸಾಧುವಾದರೂ ಅದು ನಿಂತಿರುವ ಜಾಗ ಅಪಾಯದ್ದು, ಬಾಗಿಲಿಗೆ ಅಡ್ಡ ನಿಂತವನು ಒಳ್ಳೆಯವನೇ ಆದರೂ ದಾರಿ ಮುಚ್ಚಿದಂತೆಯೇ.

ಮೂರು ವೇಷಗಳು

ಈ ಗಡ್ಡೆ ಮೂರು ಬಗೆಯ ತೊಂದರೆ ಕೊಡುತ್ತದೆ. ಮೊದಲನೆಯದು ಅಡಚಣೆ. ಗಡ್ಡೆ ಕವಾಟದ ಬಾಯಿಗೆ ಬಂದು ಕೂತಾಗ ರಕ್ತ ಮುಂದೆ ಹೋಗದೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ನಡೆದರೆ ಏದುಸಿರು, ಮಲಗಿದರೆ ಕೆಮ್ಮು, ಕೆಲವೊಮ್ಮೆ ಇದ್ದಕ್ಕಿದ್ದಂತೆ ಕಣ್ಣು ಕತ್ತಲೆ ಬಂದು ಬೀಳುವುದು. ಕೆಲವರಲ್ಲಿ ಭಂಗಿ ಬದಲಿಸಿದರೆ ತೊಂದರೆ ಹೆಚ್ಚುವುದೂ ಕಡಿಮೆಯಾಗುವುದೂ ಉಂಟು.

ಎರಡನೆಯದು ಚೂರು ಹಾರುವುದು. ಲೋಳೆಯಂಥ ಗಡ್ಡೆಯಿಂದ ತುಣುಕೊಂದು ಕಳಚಿ, ಅಥವಾ ಅದರ ಮೇಲೆ ಹೆಪ್ಪುಗಟ್ಟಿದ ರಕ್ತದ ಕಣವೊಂದು ಬಿಡಿಸಿಕೊಂಡು, ರಕ್ತದ ಹರಿವಿನಲ್ಲಿ ಮಿದುಳಿಗೆ ಹೋದರೆ ಲಕ್ವ. ಕೈಕಾಲಿನ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಆ ಭಾಗ ತಣ್ಣಗಾಗಿ, ಬಿಳಿಚಿಕೊಂಡು, ತಡೆಯಲಾರದ ನೋವು. ಎಷ್ಟೋ ರೋಗಿಗಳಲ್ಲಿ ಲಕ್ವವೇ ಈ ಗಡ್ಡೆಯ ಮೊದಲ ಸೂಚನೆ.

ಮೂರನೆಯದು ಮೈಯೆಲ್ಲ ಬಳಲುವುದು. ಬಿಟ್ಟುಬಿಟ್ಟು ಬರುವ ಜ್ವರ, ತೂಕ ಇಳಿಯುವುದು, ಕೀಲುನೋವು, ರಕ್ತಹೀನತೆ, ರಕ್ತಪರೀಕ್ಷೆಯಲ್ಲಿ ಇ.ಎಸ್.ಆರ್. ಏರಿಕೆ. ಗಡ್ಡೆ ಸ್ರವಿಸುವ ಕೆಲವು ರಾಸಾಯನಿಕಗಳೇ ಇದಕ್ಕೆ ಕಾರಣ.

ಈಗ ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ವಯಸ್ಸು ನಲವತ್ತೆರಡು, ಕುಡುಮಲಕುಂಟೆಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ. ನಾಲ್ಕು ತಿಂಗಳಿಂದ ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ, ಕೆಮ್ಮು ಬರುತ್ತದೆ, ತೂಕ ಇಳಿದಿದೆ. ಮೊದಲು ಕ್ಷಯದ ಗುಮಾನಿ. ಕಫ ಪರೀಕ್ಷೆಯಲ್ಲಿ ಏನೂ ಇಲ್ಲ. ಬಳಿಕ ಉಬ್ಬಸವೆಂದು ಇನ್‌ಹೇಲರ್. ಆಮೇಲೆ ರಕ್ತ ಕಡಿಮೆಯೆಂದು ಕಬ್ಬಿಣದ ಮಾತ್ರೆ. ಮೆಟ್ಟಿಲು ಹತ್ತಲಾರೆ ಎಂದರೆ ‘ವಯಸ್ಸಾಯಿತಲ್ಲ’ ಎಂಬ ಮಾತು. ಯಾರೋ ಒಬ್ಬ ವೈದ್ಯರು ಸ್ಟೆತಾಸ್ಕೋಪ್ ಇಟ್ಟು ಕೇಳಿ, ಕವಾಟದ ಸದ್ದು ಇದೆ, ಚಿಕ್ಕಂದಿನಲ್ಲಿ ಸಂಧಿವಾತ ಜ್ವರ ಬಂದಿರಬೇಕು ಎನ್ನುತ್ತಾರೆ. ಇದು ಕಲ್ಪಿತ ಉದಾಹರಣೆ. ಆದರೆ ಈ ಬಗೆಯ ಅಲೆದಾಟ ಕಲ್ಪಿತವಲ್ಲ. ವೈದ್ಯಶಾಸ್ತ್ರದ ಪುಸ್ತಕಗಳೇ ಮಿಕ್ಸೋಮವನ್ನು ದೊಡ್ಡ ವೇಷಗಾರ ಎನ್ನುತ್ತವೆ.

ಸಂಧಿವಾತ ಜ್ವರದ ಗೊಂದಲ ನಮ್ಮ ದೇಶದಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು. ಬಾಲ್ಯದ ಗಂಟಲುನೋವಿನ ಬೆನ್ನಿಗೆ ಬರುವ ಈ ಜ್ವರ ಹೃದಯದ ಕವಾಟಗಳನ್ನು ಹಾಳುಮಾಡುತ್ತದೆ. ನಮ್ಮಲ್ಲಿ ಅದು ಇಂದಿಗೂ ಇದೆ. ಹಾಗಾಗಿ ನಡುವಯಸ್ಸಿನ ಹೆಂಗಸಿಗೆ ಏದುಸಿರು, ಮೈಟ್ರಲ್ ಕವಾಟದ ಜಾಗದಲ್ಲಿ ಸದ್ದು ಎಂದೊಡನೆ ವೈದ್ಯರ ಮನಸ್ಸು ಅತ್ತ ಹರಿಯುವುದು ಸಹಜ. ಹೆಚ್ಚಿನ ಸಲ ಅದು ಸರಿಯೂ ಹೌದು. ಆದರೆ ಸದ್ದು ಎರಡೂ ರೋಗಗಳಲ್ಲಿ ಒಂದೇ ತರಹ ಕೇಳಬಹುದು. ಕಿವಿಯೊಂದರಿಂದಲೇ ಇವೆರಡನ್ನು ಖಚಿತವಾಗಿ ಬೇರ್ಪಡಿಸುವುದು ಅನುಭವಿಗಳಿಗೂ ಕಷ್ಟ. ಕಣ್ಣಿನಿಂದ ನೋಡಲೇಬೇಕು.

ಕಾಣದ್ದು ಕಂಡ ಕಥೆ

ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಹೃದಯದ ಗಡ್ಡೆ ಪತ್ತೆಯಾಗುತ್ತಿದ್ದುದು ಬಹುಮಟ್ಟಿಗೆ ರೋಗಿ ಸತ್ತ ಮೇಲೆ, ಮರಣೋತ್ತರ ಪರೀಕ್ಷೆಯ ಮೇಜಿನ ಮೇಲೆ. 1895ರಲ್ಲಿ ರಾಂಟ್ಜೆನ್ ಎಕ್ಸ್-ರೇ ಕಂಡುಹಿಡಿದರೂ ಅದು ತೋರಿಸುತ್ತಿದ್ದುದು ಹೃದಯದ ನೆರಳನ್ನು, ಒಳಗನ್ನಲ್ಲ. 1952ರಲ್ಲಿ ರಕ್ತಕ್ಕೆ ಬಣ್ಣದ್ರವ್ಯ ಚುಚ್ಚಿ ಎಕ್ಸ್-ರೇ ತೆಗೆಯುವ ವಿಧಾನದಿಂದ ಬದುಕಿರುವ ರೋಗಿಯ ಎಡ ಹೃತ್ಕರ್ಣದ ಮಿಕ್ಸೋಮ ಪತ್ತೆಯಾಯಿತು. 1954ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಡಾ. ಕ್ಲಾರೆನ್ಸ್ ಕ್ರಾಫೋರ್ಡ್ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಇಂಥ ಗಡ್ಡೆಯೊಂದನ್ನು ಯಶಸ್ವಿಯಾಗಿ ಹೊರತೆಗೆದರು.

ಅದಕ್ಕೆ ಒಂದು ವರ್ಷ ಮೊದಲು, 1953ರ ಅಕ್ಟೋಬರ್‌ನಲ್ಲಿ, ಅದೇ ಸ್ವೀಡನ್ನಿನ ಲುಂಡ್ ಪಟ್ಟಣದಲ್ಲಿ ಹೃದ್ರೋಗ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಒಂದು ಹೊಸ ಪ್ರಯತ್ನ ನಡೆಸಿದ್ದರು. ಲೋಹದೊಳಗಿನ ಬಿರುಕು ಹುಡುಕಲು ಬಳಸುತ್ತಿದ್ದ ಯಂತ್ರವನ್ನು ಎರವಲು ತಂದು ಮನುಷ್ಯನ ಎದೆಯ ಮೇಲೆ ಇಟ್ಟರು. ಕಿವಿಗೆ ಕೇಳಿಸದ ಶ್ರವಣಾತೀತ ಧ್ವನಿ ಹೃದಯದ ಗೋಡೆಗೆ ತಾಗಿ ಹಿಂತಿರುಗಿ ಬಂದು ತೆರೆಯ ಮೇಲೆ ಗೆರೆಯಾಗಿ ಮೂಡಿತು. ‘ಎಕೋಕಾರ್ಡಿಯೋಗ್ರಫಿ’ ಹುಟ್ಟಿದ್ದು ಹೀಗೆ, ಜನರ ಬಾಯಲ್ಲಿ ಅದು ‘ಎಕೋ’. 1959ರಲ್ಲಿ ಜರ್ಮನಿಯ ಡಾ. ಎಫರ್ಟ್ ಮತ್ತು ಸಂಗಡಿಗರು ಇದೇ ವಿಧಾನದಿಂದ ಹೃದಯದ ಗಡ್ಡೆಯನ್ನು ಗುರುತಿಸಿದರು.

ಅಲೆಗಳ ಮೂಲಕ ಕಾಣದ್ದನ್ನು ಅರಿಯುವ ವಿದ್ಯೆ ಗೌರಿಬಿದನೂರಿನ ಜನರಿಗೆ ಹೊಸತಲ್ಲ. ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪ ಮಾಪನ ವ್ಯವಸ್ಥೆ 1965ರಲ್ಲಿ ಸ್ಥಾಪನೆಯಾದದ್ದು ಇದೇ ತಾಲ್ಲೂಕಿನಲ್ಲಿ. ಭೂಮಿಯೊಳಗಿಂದ ಹಾದು ಬರುವ ಕಂಪನಗಳನ್ನು ಹಿಡಿದು, ಎಲ್ಲೋ ದೂರದಲ್ಲಿ ನೆಲದಡಿ ಏನಾಯಿತು ಎಂದು ಅದು ಹೇಳುತ್ತದೆ. ಎಕೋ ಯಂತ್ರ ತಾನೇ ಧ್ವನಿಯನ್ನು ಕಳಿಸಿ ಅದರ ಮರುದನಿಯನ್ನು ಕೇಳುತ್ತದೆ, ಅಷ್ಟೇ ವ್ಯತ್ಯಾಸ. ಸಾವಿರಾರು ಮೈಲಿ ದೂರದ ನೆಲದ ಕಂಪನವನ್ನು ಬಲ್ಲ ತಾಲ್ಲೂಕಿನಲ್ಲಿ, ಪಕ್ಕದ ಮನೆಯ ಹೆಂಗಸಿನ ಹೃದಯದ ಕಂಪನ ತಿಳಿಯಲು ತಿಂಗಳುಗಟ್ಟಲೆ ಕಾಯಬೇಕಾಗಬಾರದು.

ಯಾವ ಪರೀಕ್ಷೆ, ಯಾವಾಗ?

ಇಲ್ಲಿ ಓದುಗರು ಒಂದು ವಿಷಯ ಸ್ಪಷ್ಟವಾಗಿ ತಿಳಿಯಬೇಕು. ‘ಇ.ಸಿ.ಜಿ. ನಾರ್ಮಲ್ ಇದೆ, ಹೃದಯಕ್ಕೆ ಏನೂ ಆಗಿಲ್ಲ’ ಎಂದುಕೊಳ್ಳುವುದು ತಪ್ಪು ಸಮಾಧಾನ. ಇ.ಸಿ.ಜಿ. ಹೃದಯದ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುತ್ತದೆಯೇ ಹೊರತು ಕೋಣೆಯೊಳಗೆ ಏನಿದೆ ಎಂದು ತೋರಿಸುವುದಿಲ್ಲ. ಮಿಕ್ಸೋಮ ಇರುವವರ ಇ.ಸಿ.ಜಿ. ಸರಿಯಾಗಿಯೇ ಇರಬಹುದು. ಎದೆಯ ಎಕ್ಸ್-ರೇ ಕೂಡ ಹಾಗೆಯೇ.

ಮೊದಲ ಪರೀಕ್ಷೆ ಎದೆಯ ಮೇಲಿಂದ ಮಾಡುವ ಎಕೋ. ಜೆಲ್ ಸವರಿ, ಸಣ್ಣ ಉಪಕರಣವನ್ನು ಎದೆಯ ಮೇಲೆ ಆಡಿಸಿದರೆ ಹೃದಯ ಬಡಿಯುವುದು ತೆರೆಯ ಮೇಲೆ ಕಾಣುತ್ತದೆ. ಚುಚ್ಚುಮದ್ದಿಲ್ಲ, ವಿಕಿರಣವಿಲ್ಲ, ಗರ್ಭಿಣಿಗೂ ತೊಂದರೆಯಿಲ್ಲ. ಗಡ್ಡೆ ಎಲ್ಲಿದೆ, ಎಷ್ಟು ದೊಡ್ಡದು, ತೊಟ್ಟು ಎಲ್ಲಿ ಅಂಟಿದೆ, ಎಷ್ಟು ಓಲಾಡುತ್ತಿದೆ, ಕವಾಟಕ್ಕೆ ಎಷ್ಟು ಅಡ್ಡಿ ಎಂಬುದನ್ನೆಲ್ಲ ನುರಿತ ಕಣ್ಣು ಅಲ್ಲೇ ಹೇಳುತ್ತದೆ. ಹೆಚ್ಚಿನ ಮಿಕ್ಸೋಮಗಳಿಗೆ ಇಷ್ಟು ಸಾಕು.

ಗಡ್ಡೆ ತೀರಾ ಚಿಕ್ಕದಿದ್ದರೆ, ರೋಗಿ ಸ್ಥೂಲಕಾಯರಾಗಿದ್ದು ಚಿತ್ರ ಮಸುಕಾದರೆ, ಅಥವಾ ತೊಟ್ಟಿನ ಜಾಗ ಇನ್ನೂ ನಿಖರವಾಗಿ ಬೇಕಾದರೆ ಅನ್ನನಾಳದ ಮೂಲಕ ಎಕೋ ಮಾಡುತ್ತಾರೆ. ಕೆಲವು ಗಂಟೆ ಉಪವಾಸವಿದ್ದು, ಗಂಟಲಿಗೆ ಮರಗಟ್ಟಿಸುವ ಔಷಧ ಹಾಕಿಸಿಕೊಂಡು ತೆಳುವಾದ ನಳಿಕೆ ನುಂಗಬೇಕು. ಅನ್ನನಾಳ ಹೃದಯದ ಬೆನ್ನಿಗೇ ಇರುವುದರಿಂದ ಚಿತ್ರ ನಿಚ್ಚಳ. ಕವಾಟದ ಮೇಲೆ ಬೆಳೆಯುವ ‘ಫೈಬ್ರೋಎಲಾಸ್ಟೋಮ’ ಎಂಬ ಪುಟ್ಟ ಗಡ್ಡೆಯನ್ನು ಹಿಡಿಯಲು ಇದು ವಿಶೇಷ ಉಪಯುಕ್ತ.

ಎಂ.ಆರ್.ಐ. ಮತ್ತು ಸಿ.ಟಿ. ಯಾವಾಗ? ಎಕೋದಲ್ಲಿ ಕಂಡದ್ದು ಗಡ್ಡೆಯೋ ಹೆಪ್ಪುಗಟ್ಟಿದ ರಕ್ತವೋ ಎಂಬ ಸಂಶಯ ಬಂದಾಗ, ಕ್ಯಾನ್ಸರ್ ಇರಬಹುದೆಂಬ ಅನುಮಾನ ಇದ್ದಾಗ, ಗಡ್ಡೆ ಅಕ್ಕಪಕ್ಕ ಹಬ್ಬಿದೆಯೇ ಎಂದು ನೋಡಬೇಕಾದಾಗ. ಎಂ.ಆರ್.ಐ. ಗಡ್ಡೆಯ ಗುಣವನ್ನು, ಅಂದರೆ ಅದು ಕೊಬ್ಬೋ ನಾರೋ ಲೋಳೆಯೋ ರಕ್ತದ ಹೆಪ್ಪೋ ಎಂಬುದನ್ನು ಬೇರ್ಪಡಿಸಿ ತೋರಿಸಬಲ್ಲದು. ಸಿ.ಟಿ.ಯಲ್ಲಿ ಸುಣ್ಣಗಟ್ಟಿದ ಭಾಗ ಚೆನ್ನಾಗಿ ಕಾಣುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನ ಹೃದಯದ ರಕ್ತನಾಳಗಳನ್ನೂ ಅದರಲ್ಲಿ ನೋಡಬಹುದು. ಆದರೆ ಸಿ.ಟಿ.ಯಲ್ಲಿ ವಿಕಿರಣ ಉಂಟು, ಚುಚ್ಚುವ ಬಣ್ಣದ್ರವ್ಯ ಮೂತ್ರಪಿಂಡ ಕೆಟ್ಟವರಿಗೆ ಒಗ್ಗುವುದಿಲ್ಲ.

ಹಾಗಾಗಿ ‘ದೊಡ್ಡ ಸ್ಕ್ಯಾನಿಂಗೇ ಮಾಡಿಸಿಬಿಡೋಣ ಡಾಕ್ಟ್ರೇ’ ಎಂದು ಒತ್ತಾಯಿಸಬೇಡಿ. ದುಬಾರಿ ಪರೀಕ್ಷೆಯೆಲ್ಲ ಉತ್ತಮ ಪರೀಕ್ಷೆಯಲ್ಲ. ಯಾರಾದರೂ ಎಕೋ ಮಾಡದೆ ನೇರವಾಗಿ ದೊಡ್ಡ ಸ್ಕ್ಯಾನ್‌ಗೆ ಬರೆದರೆ ‘ಇದರಿಂದ ಏನು ತಿಳಿಯುತ್ತದೆ, ತಿಳಿದ ಮೇಲೆ ಚಿಕಿತ್ಸೆ ಬದಲಾಗುತ್ತದೆಯೇ?’ ಎಂದು ವಿನಯದಿಂದ ಕೇಳಿ. ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂದು ಜೀವನವಿಡೀ ಸಾರಿದ ಡಾ. ಎಚ್. ನರಸಿಂಹಯ್ಯ ಇದೇ ತಾಲ್ಲೂಕಿನ ಹೊಸೂರಿನವರು. ಆ ಪಾಠ ಆಸ್ಪತ್ರೆಗೂ ಸಲ್ಲುತ್ತದೆ, ನಾಟಿ ಔಷಧದಲ್ಲಿ ಗಡ್ಡೆ ಕರಗಿಸುತ್ತೇವೆ ಎನ್ನುವವರಿಗೂ ಸಲ್ಲುತ್ತದೆ. ಮಿಕ್ಸೋಮವನ್ನು ಕರಗಿಸುವ ಮಾತ್ರೆಯಾಗಲಿ ಕಷಾಯವಾಗಲಿ ಇಲ್ಲ.

ತಾಲ್ಲೂಕಿಗೊಂದು ಎಕೋ

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಎಕೋ ಪರೀಕ್ಷೆ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ, ವಾರಕ್ಕೆ ಒಂದು ದಿನವಾದರೂ, ಖಾತ್ರಿಯಾಗಿ ಸಿಗಬೇಕು.

‘ಲಕ್ಷದಲ್ಲಿ ಒಬ್ಬರಿಗೂ ಬರದ ರೋಗಕ್ಕೆ ಇಷ್ಟೆಲ್ಲ ಏಕೆ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮಿಕ್ಸೋಮ ಒಂದಕ್ಕಾಗಿ ಯಂತ್ರ ಕೊಳ್ಳಿರೆಂದು ಯಾರೂ ಹೇಳುವುದಿಲ್ಲ. ಆದರೆ ಅದೇ ಯಂತ್ರ ಸಂಧಿವಾತ ಜ್ವರದಿಂದ ಕೆಟ್ಟ ಕವಾಟವನ್ನು ತೋರಿಸುತ್ತದೆ. ಮಕ್ಕಳ ಹೃದಯದ ರಂಧ್ರವನ್ನು ತೋರಿಸುತ್ತದೆ. ಬಾಣಂತಿಗೆ ಬರುವ ಹೃದಯ ದೌರ್ಬಲ್ಯವನ್ನು, ರಕ್ತದೊತ್ತಡದಿಂದ ದಪ್ಪಗಾದ ಹೃದಯವನ್ನು, ಹೃದಯದ ಸುತ್ತ ತುಂಬಿದ ನೀರನ್ನು ತೋರಿಸುತ್ತದೆ. ಇವ್ಯಾವುವೂ ಅಪರೂಪವಲ್ಲ. ಇವುಗಳಿಗಾಗಿ ನಡೆಯುವ ಪರೀಕ್ಷೆಯಲ್ಲಿ ಅಪರೂಪದ ಗಡ್ಡೆಯೂ ಸಿಕ್ಕಿಬೀಳುತ್ತದೆ.

ಗೌರಿಬಿದನೂರಿನಿಂದ ಬೆಂಗಳೂರು ಎಪ್ಪತ್ತು-ಎಂಬತ್ತು ಕಿಲೋಮೀಟರ್. ರೈಲಿದೆ, ಬಸ್ಸಿದೆ, ಬೆಂಗಳೂರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯಂಥ ದೊಡ್ಡ ಸರ್ಕಾರಿ ಆಸ್ಪತ್ರೆಯಿದೆ. ಗಡಿಯಾಚೆ ಪುಟ್ಟಪರ್ತಿಯಲ್ಲಿ 1991ರಿಂದ ಉಚಿತ ಚಿಕಿತ್ಸೆ ನೀಡುತ್ತಿರುವ ಸತ್ಯಸಾಯಿ ಆಸ್ಪತ್ರೆಯಿದೆ. ನಕ್ಷೆಯಲ್ಲಿ ನೋಡಿದರೆ ಇದು ದೂರವೇ ಅಲ್ಲ. ಆದರೆ ದಿನಗೂಲಿಯ ಲೆಕ್ಕದಲ್ಲಿ ನೋಡಿ. ರೋಗಿಯ ಒಂದು ದಿನದ ಸಂಬಳ ಹೋಯಿತು, ಜೊತೆಗೆ ಹೋದವರ ಸಂಬಳವೂ ಹೋಯಿತು, ಸರದಿ ಸಿಗದಿದ್ದರೆ ಮತ್ತೊಂದು ದಿನ. ‘ಬರುವ ತಿಂಗಳು ನೋಡೋಣ’ ಎಂದು ಮುಂದೂಡುವುದು ಜನರ ಅಜ್ಞಾನದಿಂದಲ್ಲ, ಅವರ ಜೇಬಿನ ಲೆಕ್ಕಾಚಾರದಿಂದ. ಆ ಬರುವ ತಿಂಗಳೊಳಗೆ ಗಡ್ಡೆಯ ಚೂರೊಂದು ಮಿದುಳಿಗೆ ಹಾರಿದರೆ, ದುಡಿಯುವ ಕೈ ಶಾಶ್ವತವಾಗಿ ನಿಂತೇಹೋದೀತು.

ದಾರಿ ಇಲ್ಲದಿಲ್ಲ. ನಮ್ಮ ರಾಜ್ಯದಲ್ಲೇ 2023ರಲ್ಲಿ ಆರಂಭವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ನೋಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ. ಕೆಲವೇ ನಿಮಿಷಗಳಲ್ಲಿ ದೊಡ್ಡ ಆಸ್ಪತ್ರೆಯ ತಜ್ಞರ ಕೈ ಸೇರುತ್ತದೆ. ಹೃದಯಾಘಾತವಾಗಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ತಜ್ಞರು ಊರಿಗೆ ಬರಲಾಗದಿದ್ದರೆ ಚಿತ್ರವಾದರೂ ತಜ್ಞರ ಬಳಿಗೆ ಹೋಗಬಹುದು ಎಂಬುದನ್ನು ಈ ಯೋಜನೆ ತೋರಿಸಿಕೊಟ್ಟಿದೆ. ಇದೇ ಜಾಲದಲ್ಲಿ ಎಕೋ ಚಿತ್ರವೂ ಏಕೆ ಹೋಗಬಾರದು? ತರಬೇತಿ ಪಡೆದ ತಂತ್ರಜ್ಞರು ತಾಲ್ಲೂಕಿನಲ್ಲಿ ಚಿತ್ರ ತೆಗೆದರೆ ತಜ್ಞರು ಬೆಂಗಳೂರಿನಲ್ಲಿ ಕುಳಿತು ಓದಬಹುದು.

ಒಂದು ತೊಡಕು ಇದೆ. ಹೆಣ್ಣು ಭ್ರೂಣಹತ್ಯೆ ತಡೆಯಲು 1994ರಲ್ಲಿ ಬಂದ ಕಾನೂನಿನ ಪ್ರಕಾರ ಶ್ರವಣಾತೀತ ಧ್ವನಿಯ ಯಂತ್ರಗಳೆಲ್ಲ ನೋಂದಣಿಯಾಗಬೇಕು. ಎಕೋ ಯಂತ್ರಕ್ಕೂ ಅದು ಅನ್ವಯ. ಕಾನೂನು ಸಡಿಲವಾಗಲಿ ಎಂಬ ವಾದವನ್ನು ನಾನು ಒಪ್ಪುವುದಿಲ್ಲ, ಆ ಕಾನೂನು ಬೇಕೇ ಬೇಕು. ಆದರೆ ಸರ್ಕಾರಿ ಆಸ್ಪತ್ರೆಯ ಎಕೋ ಯಂತ್ರದ ನೋಂದಣಿ ಕಡತ ತಿಂಗಳುಗಟ್ಟಲೆ ಮೇಜಿನಿಂದ ಮೇಜಿಗೆ ಅಲೆಯಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಜಿಲ್ಲಾ ಆರೋಗ್ಯ ಇಲಾಖೆ ಮನಸ್ಸು ಮಾಡಿದರೆ ಎರಡೂ ಹೆಣ್ಣುಜೀವಗಳನ್ನು ಉಳಿಸಬಹುದು, ಗರ್ಭದಲ್ಲಿರುವುದನ್ನೂ ಕಾರ್ಖಾನೆಯಲ್ಲಿ ದುಡಿಯುತ್ತಿರುವುದನ್ನೂ.

ಯಂತ್ರಕ್ಕಿಂತ ಕೈ ಮುಖ್ಯ ಎಂಬುದನ್ನೂ ಮರೆಯಬಾರದು. ಉದ್ಘಾಟನೆಯಾಗಿ, ಪ್ಲಾಸ್ಟಿಕ್ ಹೊದಿಕೆ ಹೊದ್ದು ಮೂಲೆಯಲ್ಲಿ ಕೂತ ಯಂತ್ರಗಳು ನಮಗೆ ಹೊಸವಲ್ಲ. ಮೊದಲು ತರಬೇತಿ ಪಡೆದವರು ಬರಲಿ, ಬಳಿಕ ಯಂತ್ರ ಬರಲಿ.

ಪತ್ತೆಯಾದ ಮೇಲೆ

ಮಿಕ್ಸೋಮ ಖಚಿತವಾದರೆ ಶಸ್ತ್ರಚಿಕಿತ್ಸೆ ತಡಮಾಡಬಾರದು. ‘ಹಬ್ಬ ಮುಗಿಯಲಿ, ಮಗಳ ಮದುವೆ ಮುಗಿಯಲಿ’ ಎಂದು ಕಾಯುವ ರೋಗ ಇದಲ್ಲ. ಹೃದಯ ತೆರೆದು, ಗಡ್ಡೆಯನ್ನು ಅದರ ಬುಡದ ಗೋಡೆಯ ಸ್ವಲ್ಪ ಭಾಗದ ಸಮೇತ ತೆಗೆಯುತ್ತಾರೆ. ನುರಿತ ಕೈಗಳಲ್ಲಿ ಅಪಾಯ ಕಡಿಮೆ, ಫಲಿತಾಂಶ ಬಹಳ ಒಳ್ಳೆಯದು. ಮತ್ತೆ ಬೆಳೆಯುವುದು ನೂರರಲ್ಲಿ ಕೆಲವರಿಗೆ ಮಾತ್ರ. ಆದರೂ ವೈದ್ಯರು ಹೇಳಿದಷ್ಟು ವರ್ಷ ತಪ್ಪದೆ ಎಕೋ ಮಾಡಿಸುತ್ತಿರಬೇಕು. ಕೆಲವು ಕುಟುಂಬಗಳಲ್ಲಿ ಇದು ವಂಶಪಾರಂಪರ್ಯವಾಗಿ ಬರುವುದುಂಟು. ಚಿಕ್ಕ ವಯಸ್ಸಿನಲ್ಲೇ ಗಡ್ಡೆ ಬಂದಿದ್ದರೆ, ಅಥವಾ ಒಂದಕ್ಕಿಂತ ಹೆಚ್ಚು ಗಡ್ಡೆಗಳಿದ್ದರೆ, ಒಡಹುಟ್ಟಿದವರಿಗೂ ಮಕ್ಕಳಿಗೂ ಒಮ್ಮೆ ಎಕೋ ಮಾಡಿಸುವುದು ಒಳ್ಳೆಯದು.

ಮಕ್ಕಳ ಕತೆ ಬೇರೆ. ಅವರಲ್ಲಿ ಹೆಚ್ಚಾಗಿ ಕಾಣುವುದು ‘ರ‍್ಯಾಬ್ಡೋಮಯೋಮ’. ಕೆಲವೊಮ್ಮೆ ತಾಯಿಯ ಗರ್ಭದಲ್ಲಿರುವಾಗಲೇ ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ. ಇವುಗಳಲ್ಲಿ ಬಹಳಷ್ಟು ತಾವಾಗಿಯೇ ಕುಗ್ಗುತ್ತವೆ. ಅಡಚಣೆಯಿಲ್ಲದಿದ್ದರೆ ಕತ್ತರಿ ಹಾಕದೆ ಕಾದು ನೋಡುವುದೇ ಚಿಕಿತ್ಸೆ. ಆದರೆ ಇಂಥ ಮಕ್ಕಳಲ್ಲಿ ಮೂರ್ಛೆರೋಗ ತರಬಲ್ಲ ಇನ್ನೊಂದು ಕಾಯಿಲೆ ಜೊತೆಗಿರುವ ಸಂಭವ ಇರುವುದರಿಂದ ಮಕ್ಕಳ ತಜ್ಞರ ನಿಗಾ ಬೇಕು.

ಖರ್ಚಿನ ಭಯದಿಂದ ಹಿಂಜರಿಯಬೇಡಿ. ಬಿ.ಪಿ.ಎಲ್. ಪಡಿತರ ಚೀಟಿ ಇರುವವರಿಗೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ನೆರವಿದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಮುಖ್ಯ. ಕಾರ್ಖಾನೆ ಕೆಲಸಗಾರರು ಇ.ಎಸ್.ಐ. ಸೌಲಭ್ಯ ತಮಗೆ ಇದೆಯೇ ಎಂದು ರೋಗ ಬರುವ ಮೊದಲೇ ವಿಚಾರಿಸಿ ಇಟ್ಟುಕೊಳ್ಳಿ.

ನೀವು ಗಮನಿಸಬೇಕಾದದ್ದು

ಐವತ್ತರೊಳಗಿನವರಿಗೆ ಲಕ್ವ ಹೊಡೆದರೆ, ತಲೆಯ ಸ್ಕ್ಯಾನ್ ಜೊತೆಗೆ ಹೃದಯದ ಎಕೋ ಆಗಿದೆಯೇ ಎಂದು ಕೇಳಿ. ಕವಾಟದ ಕಾಯಿಲೆ ಎಂದು ವರ್ಷಗಳಿಂದ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದು ಒಮ್ಮೆಯೂ ಎಕೋ ಆಗಿರದಿದ್ದರೆ, ಚುಚ್ಚುಮದ್ದು ನಿಲ್ಲಿಸದೆ, ಎಕೋ ಮಾಡಿಸಿ. ಮಲಗಿದಾಗಲೋ ಬಗ್ಗಿದಾಗಲೋ ಉಸಿರು ಕಟ್ಟಿ, ಭಂಗಿ ಬದಲಿಸಿದರೆ ಸರಿಹೋಗುತ್ತಿದ್ದರೆ ವೈದ್ಯರಿಗೆ ಅದನ್ನು ಬಿಡಿಸಿ ಹೇಳಿ. ಕಾರಣ ತಿಳಿಯದ ಜ್ವರ, ತೂಕ ಇಳಿಕೆ, ಏದುಸಿರು ಮೂರೂ ಒಟ್ಟಿಗಿದ್ದು ಕ್ಷಯ ಅಲ್ಲವೆಂದು ಖಚಿತವಾದರೆ ಹೃದಯದ ಕಡೆಗೂ ಗಮನ ಹರಿಸಿ. ಹಳೆಯ ವರದಿಗಳನ್ನೆಲ್ಲ ಒಂದು ಚೀಲದಲ್ಲಿ ಜೋಪಾನವಾಗಿಡಿ.

ಇಂಥ ಲಕ್ಷಣ ಇರುವ ನೂರು ಜನರಲ್ಲಿ ಬಹುಶಃ ಒಬ್ಬರಿಗೂ ಗಡ್ಡೆ ಇರಲಾರದು. ಆದ್ದರಿಂದ ಓದಿ ಹೆದರಬೇಡಿ. ಆದರೆ ಎಲ್ಲೋ ಒಬ್ಬರಿಗೆ ಇದ್ದರೆ, ಅವರ ಬಾಳು ಅರ್ಧ ಗಂಟೆಯ ಒಂದು ಪರೀಕ್ಷೆಯ ಮೇಲೆ ನಿಂತಿರುತ್ತದೆ. ಆ ಅರ್ಧ ಗಂಟೆಗಾಗಿ ಕುಡುಮಲಕುಂಟೆಯ ತಾಯಿ ಒಂದು ವರ್ಷ ಅಲೆಯುವಂತಾಗಬಾರದು.